ಟ್ಯಾಂಕಿನಲ್ಲಿ ಮೂರು ನಿಮಿಷದ ನೀರು

ಪ್ರಶ್ನೆ: ನಗರದ ಅಗ್ನಿಶಾಮಕ ಠಾಣೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಕಟ್ಟಡ, ಗೋದಾಮು, ರಸ್ತೆ ಅಪಘಾತ ಎಲ್ಲ ನೋಡಿದ್ದಾಗಿದೆ. ಈಗ ದೊಡ್ಡ ವಿಮಾನ ನಿಲ್ದಾಣವೊಂದರ ಅಗ್ನಿಶಾಮಕ ದಳಕ್ಕೆ ಅನುಭವಿಗಳ ಹುದ್ದೆಯಲ್ಲಿ ಸೇರುವ ಅವಕಾಶ ಬಂದಿದೆ. ‘ಅಲ್ಲಿ ವರ್ಷಕ್ಕೊಂದು ಬೆಂಕಿಯೂ ಬೀಳುವುದಿಲ್ಲ, ಕೂತು ಕೂತು ತುಕ್ಕು ಹಿಡಿಯುತ್ತೀಯ’ ಎನ್ನುತ್ತಾರೆ ಜೊತೆಯವರು. ಅಲ್ಲಿ ಅನುಭವಿಯೊಬ್ಬರ ಕೆಲಸ ನಿಜವಾಗಿ ಏನು? ನನಗೆ ಗೊತ್ತಿರುವುದರಲ್ಲಿ ಯಾವುದು ಉಪಯೋಗಕ್ಕೆ ಬಂದೀತು, ಯಾವುದನ್ನು ಮರೆಯಬೇಕು?

ಉತ್ತರ: ನಿಮ್ಮ ಜೊತೆಯವರು ಹೇಳಿದ್ದು ಅರ್ಧ ನಿಜ. ಪ್ರಯಾಣಿಕರು ತುಂಬಿದ ವಿಮಾನ ಹೊತ್ತಿ ಉರಿಯುವುದನ್ನು ಒಮ್ಮೆಯೂ ಕಾಣದೆ ನಿವೃತ್ತರಾಗುವವರೇ ಈ ಕೆಲಸದಲ್ಲಿ ಹೆಚ್ಚು. ಉಳಿದರ್ಧ ಏನೆಂದರೆ, ಅಂಥ ದಿನ ಬಂದಾಗ ಮೊದಲ ಐದಾರು ನಿಮಿಷದಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ. ಅಷ್ಟೂ ಹೊತ್ತು ಕೈಯಲ್ಲಿರುವುದು ವಾಹನ ಹೊತ್ತು ತಂದ ನೀರು ಮಾತ್ರ. ನಗರದಲ್ಲಿ ಹೈಡ್ರಂಟಿಗೆ ಹೋಸ್ ಜೋಡಿಸಿದರೆ ನೀರಿನ ಚಿಂತೆ ಕಳೆಯಿತು. ರನ್‌ವೇ ಪಕ್ಕದ ಹುಲ್ಲಿನಲ್ಲಿ ಆ ಸೌಕರ್ಯವಿಲ್ಲ. ಹಾಗಾಗಿ ಮೊದಲು ನೀರಿನ ಲೆಕ್ಕದಿಂದಲೇ ಶುರುಮಾಡೋಣ. ಈ ಕೆಲಸದ ಮಿಕ್ಕೆಲ್ಲ ವಿಚಿತ್ರ ಪದ್ಧತಿಗಳೂ ಅದರಿಂದಲೇ ಹುಟ್ಟಿದವು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ನಿಲ್ದಾಣಗಳ ಅಗ್ನಿರಕ್ಷಣೆಯನ್ನು 1ರಿಂದ 10ರವರೆಗೆ ಕೆಟಗರಿ ಮಾಡಿದೆ. ಅಲ್ಲಿಗೆ ಬರುವ ವಿಮಾನದ ಒಟ್ಟು ಉದ್ದ ಮತ್ತು ಒಡಲಿನ ಅಗಲ, ಇವೆರಡೇ ಅಳತೆ. ಒಳಗೆ ಎಷ್ಟು ಸೀಟಿದೆ ಎಂಬುದು ಲೆಕ್ಕಕ್ಕಿಲ್ಲ. 37.6 ಮೀಟರ್ ಉದ್ದದ ಏರ್‌ಬಸ್ ಎ320 ಕೆಟಗರಿ 6. ದೂರದಿಂದ ಅದರಂತೆಯೇ ಕಾಣುವ ಬೋಯಿಂಗ್ 737-800 ಅದಕ್ಕಿಂತ ಸುಮಾರು ಎರಡು ಮೀಟರ್ ಹೆಚ್ಚು ಉದ್ದವಿರುವುದರಿಂದ ಕೆಟಗರಿ 7. 73.9 ಮೀಟರಿನ 777-300ಇಆರ್ ಕೆಟಗರಿ 9. ಎ380 ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಗಿಡ್ಡ, ಆದರೂ ಅದು 10. ಯಾಕೆಂದರೆ ಅದರ ಒಡಲಿನ ಅಗಲ 7 ಮೀಟರ್ ದಾಟುತ್ತದೆ.

ಬೆಂಕಿ ಆರಿಸುವ ಸಾಮರ್ಥ್ಯದಲ್ಲಿ ಬಿ ದರ್ಜೆಯ ಫೋಮ್ (ನೊರೆ) ಬಳಸುವ ಕೆಟಗರಿ 9ರ ನಿಲ್ದಾಣದಲ್ಲಿ ವಾಹನಗಳ ಮೇಲೆ ಕನಿಷ್ಠ 24,300 ಲೀಟರ್ ನೀರಿರಬೇಕು. ಎಲ್ಲ ಸೇರಿ ನಿಮಿಷಕ್ಕೆ 9,000 ಲೀಟರ್ ಚಿಮ್ಮಿಸಬೇಕು. ಭಾಗಿಸಿ ನೋಡಿ: 2 ನಿಮಿಷ 42 ಸೆಕೆಂಡ್. ಕೆಟಗರಿ 10ರಲ್ಲಿ 32,300 ಲೀಟರ್, ನಿಮಿಷಕ್ಕೆ 11,200. ಅದೂ ಮೂರು ನಿಮಿಷಕ್ಕೆ ಮುಂಚೆಯೇ ಖಾಲಿ. 8ರಿಂದ 10ರವರೆಗಿನ ಕೆಟಗರಿಗಳಿಗೆ ಕನಿಷ್ಠ ಮೂರು ವಾಹನ, ಜೊತೆಗೆ 450 ಕಿಲೋ ಒಣ ರಾಸಾಯನಿಕ ಪುಡಿ. ಕ್ರ್ಯಾಶ್ ಟೆಂಡರ್ ಎನ್ನುವ ದೊಡ್ಡ ಅಗ್ನಿಶಾಮಕ ವಾಹನವೊಂದರಲ್ಲಿ ಹತ್ತು ಹನ್ನೆರಡು ಸಾವಿರ ಲೀಟರ್ ಇರುತ್ತದೆ. ಕೇಳುವುದಕ್ಕೆ ಕೆರೆಯಷ್ಟು ಎನಿಸುತ್ತದೆ, ಮಾನಿಟರ್, ಅಂದರೆ ವಾಹನದ ಮೇಲಿನ ನೀರುಫಿರಂಗಿ, ಬಿಟ್ಟ ಮೇಲೆ ಗೊತ್ತಾಗುತ್ತದೆ ಅದು ಎಷ್ಟೆಂದು.

ಇಷ್ಟು ನೀರು ಇಡೀ ವಿಮಾನವನ್ನು ಆರಿಸುವುದಕ್ಕೆಂದು ಲೆಕ್ಕ ಹಾಕಿದ್ದಲ್ಲ, ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಒಡಲಿನ ಎರಡೂ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಒಂದು ನಿಮಿಷದಲ್ಲಿ ಹಿಡಿತಕ್ಕೆ ತರಬೇಕು, ಆಮೇಲೆ ಅದು ಮತ್ತೆ ಹೊತ್ತದಂತೆ ಕಾಯಬೇಕು. ಕೆಟಗರಿ 9ರಲ್ಲಿ ಆ ಪಟ್ಟಿ ಸುಮಾರು 1,640 ಚದರ ಮೀಟರ್. ಬಿ ದರ್ಜೆಯ ಫೋಮಿಗೆ ಚದರ ಮೀಟರಿಗೆ ನಿಮಿಷಕ್ಕೆ 5.5 ಲೀಟರ್ ದ್ರಾವಣ ಬೇಕು, ಗುಣಿಸಿದರೆ ಅದೇ 9,000. ಅಂದರೆ ಮೊದಲ ನಿಮಿಷದ 9,000 ಲೀಟರ್ ಬೆಂಕಿಯನ್ನು ಒಡಲಿನಿಂದ ದೂರ ಸರಿಸಲಿಕ್ಕೆ, ಉಳಿದ 15,300 ಅದನ್ನು ಅಲ್ಲೇ ತಡೆದು ನಿಲ್ಲಿಸಲಿಕ್ಕೆ. ರೆಕ್ಕೆಯ ತುದಿ ಉರಿಯುತ್ತಿದ್ದರೆ ಉರಿಯಲಿ. ನಗರದಿಂದ ಬಂದವರಿಗೆ ಇದು ಒಗ್ಗಲು ಬಹಳ ದಿನ ಹಿಡಿಯುತ್ತದೆ. ಕಣ್ಣಿಗೆ ದೊಡ್ಡದಾಗಿ ಕಾಣುವ ಜ್ವಾಲೆಯ ಕಡೆಗೇ ಕೈ ಹೋಗುತ್ತದೆ. ಅಲ್ಲಿ ಜನ ಇರುವುದಿಲ್ಲ, ನೀರು ಮಾತ್ರ ಮುಗಿಯುತ್ತದೆ.

ಅವಸರ ಯಾಕೆ ಎಂದರೆ ಲೋಹದ ಗುಣ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಚೆಲ್ಲಿದ ಇಂಧನ ಉರಿಯುವ ಕಾವು ಅದನ್ನು ಆರಾಮಾಗಿ ಮೀರುತ್ತದೆ. ಹೊರಗಿನ ಬೆಂಕಿ ಒಡಲಿನ ತೆಳು ತಗಡನ್ನು ಒಂದು ನಿಮಿಷದೊಳಗೇ ತೂತು ಮಾಡಬಲ್ಲದು. ಹೊಸ ವಿಮಾನಗಳ ಒಳಗೋಡೆಯ ಉಷ್ಣರೋಧಕ ಹೊದಿಕೆ ಇನ್ನು ನಾಲ್ಕು ನಿಮಿಷ ತಡೆದುಕೊಳ್ಳುವಂತೆ ನಿಯಮವಿದೆ. ಇತ್ತ ವಿಮಾನದ ವಿನ್ಯಾಸಕ್ಕೆ ಅನುಮತಿ ಸಿಗಬೇಕಾದರೆ ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬಹುದೆಂದು ತೋರಿಸಬೇಕು. ಪರೀಕ್ಷೆಯ ಹ್ಯಾಂಗರಿನಲ್ಲಿ ಅದು ಆಗುತ್ತದೆ. ಹೊಗೆ, ಅಳುವ ಮಕ್ಕಳು, ಕೈಚೀಲ ಬಿಡಲೊಲ್ಲದವರು ಇರುವಲ್ಲಿ 90 ಸೆಕೆಂಡನ್ನು ನಂಬಿ ಕೂರುವಂತಿಲ್ಲ. ಟೋಕಿಯೊದ ಹಾನೆಡಾ ನಿಲ್ದಾಣದಲ್ಲಿ 2024ರ ಜನವರಿ 2ರಂದು ಡಿಕ್ಕಿಯಾದ ಎ350ರಲ್ಲಿದ್ದ 379 ಮಂದಿಯೂ ಹೊರಬಂದರು. ಆದರೆ ಬಳಸಲು ಸಿಕ್ಕಿದ್ದು ಎಂಟರಲ್ಲಿ ಮೂರೇ ಬಾಗಿಲು, ಕೊನೆಯವರು ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆ ಮೂರು ಬಾಗಿಲಿನ ಮುಂದಿನ ನೆಲದಲ್ಲಿ ಬೆಂಕಿ ಇರಬಾರದು. ನಿಮ್ಮ ಕೆಲಸ ಅದು.

ಈಗ ಗಡಿಯಾರದ ಮಾತು. ಕರೆ ಬಂದ ಕ್ಷಣದಿಂದ ರನ್‌ವೇಯ ಯಾವುದೇ ಬಿಂದುವಿಗೆ 3 ನಿಮಿಷದೊಳಗೆ ಮೊದಲ ವಾಹನ ತಲುಪಿ, ನಿಗದಿತ ದರದ ಅರ್ಧದಷ್ಟಾದರೂ ಫೋಮ್ ಬಿಡುವ ಸ್ಥಿತಿಯಲ್ಲಿರಬೇಕು. 2 ನಿಮಿಷವಾದರೆ ಇನ್ನೂ ಒಳ್ಳೆಯದು ಎಂಬ ಶಿಫಾರಸೂ ಇದೆ. ಉಳಿದವು ಅದರ ಹಿಂದೆಯೇ, 4 ನಿಮಿಷದೊಳಗೆ. ಗಂಟೆ ಬಾರಿಸಿ, ಬೂಟು ಕೋಟು ಏರಿಸಿ, ಗೇಟು ದಾಟುವಷ್ಟರಲ್ಲಿ 30 ಸೆಕೆಂಡ್ ಹೋಯಿತೆನ್ನಿ. 4,500 ಲೀಟರಿಗಿಂತ ಹೆಚ್ಚು ಹೊರುವ ವಾಹನಕ್ಕೆ ಗಂಟೆಗೆ 80 ಕಿ.ಮೀ. ವೇಗ ಮುಟ್ಟಲು 40 ಸೆಕೆಂಡಿನವರೆಗೂ ಅವಕಾಶವಿದೆ, ಆ 40 ಸೆಕೆಂಡಿನಲ್ಲಿ ಸಾಗಿದ್ದು ಸುಮಾರು 450 ಮೀಟರ್. ಉಳಿದ 110 ಸೆಕೆಂಡನ್ನು ತಡೆಯಿಲ್ಲದೆ 90ರ ವೇಗದಲ್ಲಿ ಓಡಿಸಿದರೂ ಮೂರು ಕಿಲೋಮೀಟರ್ ಚಿಲ್ಲರೆಗೆ ಲೆಕ್ಕ ಮುಗಿಯುತ್ತದೆ. ಟ್ಯಾಕ್ಸಿವೇ ತಿರುವಿನಲ್ಲಿ ವೇಗ ಇಳಿಸಿದ್ದನ್ನು ಇದರಲ್ಲಿ ಸೇರಿಸಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಎರಡು ಮೂರು ಠಾಣೆ ಯಾಕೆ ಇರುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ. ತಿರುವಿನಲ್ಲಿ ಇನ್ನೊಂದು ಅಪಾಯ: ತುಂಬಿದ ಟ್ಯಾಂಕಿನ ವಾಹನ ನಿಂತಲ್ಲಿ 28 ಡಿಗ್ರಿಯವರೆಗೆ ಓರೆಯಾದರೂ ಉರುಳದಂತೆ ಕಟ್ಟಿರುತ್ತಾರೆ. ನಿಂತಲ್ಲಿ ಮಾತ್ರ. ವೇಗದಲ್ಲಿ ಸ್ಟಿಯರಿಂಗ್ ಎಳೆದರೆ, ಅಥವಾ ಮಳೆ ಕುಡಿದ ಹುಲ್ಲಿಗೆ ಒಂದು ಬದಿಯ ಚಕ್ರ ಇಳಿಸಿದರೆ ಆ ಅಂಕಿಗೆ ಅರ್ಥವಿಲ್ಲ.

ಸೈರನ್ ಹಾಕಿಕೊಂಡಿದ್ದೇವೆ ಎಂದು ರನ್‌ವೇ ದಾಟುವಂತೆಯೂ ಇಲ್ಲ. ಅಪಘಾತದ ದಿನವೂ ವಿಮಾನ ಸಂಚಾರ ನಿಯಂತ್ರಿಸುವ ಟವರಿನ ಅನುಮತಿ ಬೇಕು; ಇನ್ನೊಂದು ವಿಮಾನ ಇಳಿಯುವ ಹಾದಿಯಲ್ಲಿರಬಹುದು. ರೇಡಿಯೋ ಕೈಕೊಟ್ಟರೆ ಟವರಿನ ದೀಪ ನೋಡಬೇಕು: ಮಿನುಗುವ ಹಸಿರು ಎಂದರೆ ದಾಟಬಹುದು, ನಿಂತ ಕೆಂಪು ಎಂದರೆ ನಿಲ್ಲು, ಮಿನುಗುವ ಕೆಂಪು ಎಂದರೆ ರನ್‌ವೇಯಿಂದ ಆಚೆ ಸರಿ.

ಸ್ಥಳಕ್ಕೆ ಹೋದ ಮೇಲೆ ವಾಹನ ನಿಲ್ಲಿಸುವ ಜಾಗವೇ ಅರ್ಧ ಯುದ್ಧ, ಅನುಭವಿ ಬೇಕಾಗುವುದೂ ಅಲ್ಲೇ. ಗಾಳಿ ಬೆನ್ನಿಗಿರಬೇಕು, ನೆಲ ಎತ್ತರದ ಕಡೆಗಿರಬೇಕು. ಇವೆರಡೂ ಒಟ್ಟಿಗೆ ಸಿಗದಿದ್ದರೆ ಗಾಳಿಯನ್ನೇ ಮೊದಲು ನೋಡುವವರು ಹೆಚ್ಚು, ಆದರೆ ಇಂಧನ ಹರಿಯುತ್ತಿದ್ದರೆ ಇಳಿಜಾರಿಗೂ ಅಷ್ಟೇ ಬೆಲೆ ಕೊಡಿ. ಮೂತಿಯ ಅಥವಾ ಬಾಲದ ಕಡೆಯಿಂದ ಬಂದು, ಒಡಲಿನ ಉದ್ದಕ್ಕೂ ಫೋಮ್ ಬಿಡಲು ಆಗುವಂತೆ ನಿಲ್ಲಬೇಕು. ಪ್ರಯಾಣಿಕರು ಇಳಿಯಲು ಬಾಗಿಲಿನಿಂದ ಉಬ್ಬಿ ಬರುವ ಜಾರುಬಂಡಿ ಬಿಚ್ಚುವ ಜಾಗಕ್ಕೆ ಅಡ್ಡ ಬರಬಾರದು. ಹಿಂದೆ ಬರುವ ಎರಡನೇ ವಾಹನಕ್ಕೆ ದಾರಿ ಉಳಿದಿರಬೇಕು, ನೀವು ಹಿಂದೆ ಸರಿಯಲೂ ದಾರಿ ಇರಬೇಕು. ಗಾಳಿ ಎಷ್ಟು ಮುಖ್ಯ ಎನ್ನುವುದಕ್ಕೆ ಮ್ಯಾಂಚೆಸ್ಟರ್‌ನಲ್ಲಿ 1985ರ ಆಗಸ್ಟ್ 22ರಂದು ಆದದ್ದು ಸಾಕು. ಟೇಕಾಫ್ ಓಟದಲ್ಲಿ ಎಡ ಎಂಜಿನ್ ಸಿಡಿದ 737 ನಿಂತು, ಬಲಕ್ಕೆ ತಿರುಗಿ ಟ್ಯಾಕ್ಸಿವೇ ಸೇರಿತು. ಗಾಳಿ ದೊಡ್ಡದೇನಲ್ಲ, ಏಳು ನಾಟ್‌ನಷ್ಟು. ಆದರೆ ಆ ತಿರುವಿನಿಂದ ಗಾಳಿ ಬೆಂಕಿಯನ್ನು ನೇರ ಒಡಲಿಗೆ ತಳ್ಳಿತು. 55 ಮಂದಿ ಸತ್ತರು, ಬಹುಪಾಲು ಹೊಗೆಯಿಂದ.

ಮಾನಿಟರ್ ಹಿಡಿದವರು ಮಾಡುವ ತಪ್ಪುಗಳು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ. ನೇರ ಧಾರೆಯನ್ನು ಇಂಧನದ ಮಡುವಿಗೆ ಗುರಿಯಿಟ್ಟರೆ ಫೋಮ್ ಒಳಕ್ಕೆ ಮುಳುಗಿ ಇಂಧನವನ್ನೇ ಎರಚುತ್ತದೆ. ಧಾರೆಯನ್ನು ಮಡುವಿನ ಮುಂದಿನ ನೆಲಕ್ಕೆ ಬಡಿಸಿ ಫೋಮ್ ಉರುಳಿ ಹೋಗುವಂತೆ ಮಾಡಿ, ಅಥವಾ ಎತ್ತರದಿಂದ ಮಳೆಯಂತೆ ಬೀಳಿಸಿ. ಗುಡಿಸುವುದು ಒಡಲಿನಿಂದ ಹೊರಕ್ಕೆ. ಹೊರಗಿನಿಂದ ಒಳಕ್ಕೆ ಗುಡಿಸಿದರೆ ಬೆಂಕಿಯನ್ನು ಬಾಗಿಲ ಬಳಿಗೆ ನೀವೇ ಕಳಿಸಿದ ಹಾಗೆ. ಜಾರುಬಂಡಿಗೆ ಧಾರೆ ಬಡಿದರೆ ಇಳಿಯುತ್ತಿರುವವರು ಉರುಳುತ್ತಾರೆ. ಜನ ಇಳಿಯಲು ಶುರುವಾದ ಕಡೆ ಮಾನಿಟರ್ ಕಡಿಮೆ ಮಾಡಿ ಕೈಹೋಸಿಗೆ ಬದಲಾಯಿಸಿ. ಇನ್ನೊಂದು, ಇದು ಮನಸ್ಸಿಗೆ ಕಷ್ಟದ್ದು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2013ರ ಜುಲೈ 6ರಂದು ನೆಲದಲ್ಲಿ ಬಿದ್ದಿದ್ದ ಪ್ರಯಾಣಿಕರೊಬ್ಬರ ಮೇಲೆ ಅಗ್ನಿಶಾಮಕ ವಾಹನಗಳೇ ಹರಿದವು. ಮೈಮೇಲೆ ಫೋಮ್ ಮುಚ್ಚಿತ್ತು. ಬಿಳಿ ಹಾಸಿನ ಕೆಳಗೆ ಮನುಷ್ಯ ಕಾಣುವುದಿಲ್ಲ. ಹಾಗಾಗಿ ಫೋಮ್ ಬಿದ್ದ ನೆಲದ ಮೇಲೆ ವಾಹನ ಕದಲಬೇಕಾದರೆ ಒಬ್ಬರು ಇಳಿದು ಮುಂದೆ ನಡೆಯಬೇಕು, ಥರ್ಮಲ್ ಕ್ಯಾಮೆರಾ ಇದ್ದರೂ ಸರಿ. ನೆಲದಲ್ಲಿ ಯಾರನ್ನಾದರೂ ಕಂಡರೆ ‘ಆಮೇಲೆ ನೋಡೋಣ’ ಎನ್ನಬಾರದು. ಆ ಕ್ಷಣವೇ ಗುರುತು ಹಾಕಿ, ರೇಡಿಯೋದಲ್ಲಿ ಹೇಳಿ, ಎತ್ತಿ ಸಾಗಿಸಬೇಕು.

ಕಾಕ್‌ಪಿಟ್ ಜೊತೆ ಮಾತಾಡುವುದನ್ನು ಕಲಿಯಿರಿ. ಹಲವು ನಿಲ್ದಾಣಗಳಲ್ಲಿ ಅಗ್ನಿಶಾಮಕದ ಮುಖ್ಯಸ್ಥರು ಮತ್ತು ಪೈಲಟ್ ನೇರ ಮಾತಾಡಲು 121.6 ಮೆಗಾಹರ್ಟ್ಸ್ ಇಟ್ಟಿರುತ್ತಾರೆ. ಅದೂ ಆಗದಿದ್ದರೆ ಕೈಸನ್ನೆ: ತಲೆಯ ಮುಂದೆ ಎರಡೂ ಮಣಿಕಟ್ಟು ಅಡ್ಡ ಹಾಕಿದರೆ ‘ಜನರನ್ನು ಇಳಿಸುವುದನ್ನು ನಿಲ್ಲಿಸಿ’, ಒಂದು ಕೈಯನ್ನು ಮೈಗೊತ್ತಿ, ಇನ್ನೊಂದನ್ನು ಚಾಚಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಂದಕ್ಕೆ ಕರೆದರೆ ‘ಇಳಿಸಿ’, ಬಲಗೈ ಹೆಗಲಿನಿಂದ ಮೊಣಕಾಲಿಗೆ ಬೀಸುತ್ತ ಎಡಗೈ ತೋರಿಸಿದರೆ ‘ಬೆಂಕಿ ಅಲ್ಲಿದೆ’. ಹೊರಗಿನ ಬೆಂಕಿ ಪೈಲಟ್‌ಗೆ ಕಾಣುವುದಿಲ್ಲ, ಯಾವ ಬದಿಯಲ್ಲಿ ಇಳಿಸಬಾರದು ಎಂದು ಹೇಳಬೇಕಾದವರು ನೀವು.

ಬಾಗಿಲಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಗರದ ಅನುಭವ ಇಲ್ಲಿ ಕೈಹಿಡಿಯುವುದಿಲ್ಲ. ರಿಯಾದ್‌ನಲ್ಲಿ 1980ರ ಆಗಸ್ಟ್ 19ರಂದು ಸುರಕ್ಷಿತವಾಗಿ ಇಳಿದು ನಿಂತ ವಿಮಾನದಲ್ಲಿ 301 ಮಂದಿ ಸತ್ತರು; ಎಂಜಿನ್ ನಿಂತು 20 ನಿಮಿಷಕ್ಕೂ ಮೇಲಾದ ನಂತರ ಹೊರಗಿನವರಿಂದ ಒಂದು ಬಾಗಿಲು ತೆರೆಯಲಾಯಿತು. ಒಂದೊಂದು ವಿಮಾನದ ಬಾಗಿಲು ಒಂದೊಂದು ರೀತಿ. ಹೆಚ್ಚಿನ ಏರ್‌ಬಸ್ ಮತ್ತು ದೊಡ್ಡ ಬೋಯಿಂಗ್‌ಗಳಲ್ಲಿ ಹೊರಗಿನ ಹಿಡಿ ಎಳೆದರೆ ಜಾರುಬಂಡಿಯ ಕೊಂಡಿ ತಾನಾಗಿ ಕಳಚಿಕೊಳ್ಳುತ್ತದೆ. 737ರಲ್ಲಿ ಹಾಗಿಲ್ಲ. ಅದರ ಜಾರುಬಂಡಿಯ ಸರಳನ್ನು ಸಿಬ್ಬಂದಿ ಕೈಯಿಂದಲೇ ನೆಲದ ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಹೊರಗಿನಿಂದ ಬಾಗಿಲು ಎಳೆದರೆ ಅದು ಉಬ್ಬಿಕೊಂಡು ಏಣಿಯ ಮೇಲಿದ್ದವರನ್ನು ಹಾರಿಸಿಬಿಡುತ್ತದೆ. ಬಾಗಿಲಿನ ಪುಟ್ಟ ಕಿಟಕಿಗೆ ಅಡ್ಡವಾಗಿ ಕೆಂಪು ಪಟ್ಟಿ ಕಂಡರೆ ಜಾರುಬಂಡಿ ಸಿದ್ಧವಾಗಿದೆ ಎಂದರ್ಥ. ಏರ್‌ಬಸ್ ಬಾಗಿಲಿನ ಕಿಟಕಿಯಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಒಳಗೆ ಇನ್ನೂ ಗಾಳಿಯ ಒತ್ತಡ ಉಳಿದಿದೆ. ಬಾಗಿಲು ಸಿಡಿದು ತೆರೆದುಕೊಳ್ಳಬಹುದು, ಮುಟ್ಟಬೇಡಿ. ಏಣಿಯನ್ನು ಬಾಗಿಲ ಎದುರಿಗೆ ಇಡಬೇಡಿ, ಪಕ್ಕಕ್ಕೆ, ಹಿಂಜಿನ ಎದುರುಬದಿಗೆ ಇಡಿ. ಕತ್ತರಿಸಲೇಬೇಕಾಗಿ ಬಂದರೆ ಒಡಲಿನ ಮೇಲೆ ಕೆಂಪು ಅಥವಾ ಹಳದಿ ಮೂಲೆಗುರುತು ಹಾಕಿದ ಜಾಗವನ್ನೇ ಹುಡುಕಿ. ಬೇರೆ ಕಡೆ ಗರಗಸ ಇಟ್ಟರೆ ಹೈಡ್ರಾಲಿಕ್ ನಳಿಕೆಯೋ ಆಮ್ಲಜನಕದ ಸಿಲಿಂಡರೋ ಸಿಗಬಹುದು.

ಬೆಂಕಿ ಒಳಗಿದ್ದರೆ ಆಟವೇ ಬೇರೆ. ಕ್ಯಾಬಿನ್ ಎಂದರೆ ಕಿಟಕಿ ತೆರೆಯಲಾಗದ ಉದ್ದನೆಯ ಕೊಳವೆ. ಯೋಚಿಸದೆ ಬಾಗಿಲು ತೆರೆದರೆ ಗಾಳಿ ನುಗ್ಗಿ ಇಡೀ ಕ್ಯಾಬಿನ್ ಒಮ್ಮೆಲೇ ಹೊತ್ತಿಕೊಳ್ಳಬಹುದು. ಜನ ಇನ್ನೂ ಒಳಗಿದ್ದರೆ ತೆರೆಯಲೇಬೇಕು, ಹೋಸಿನಲ್ಲಿ ನೀರು ತುಂಬಿ ಸಿದ್ಧವಾದ ಮೇಲೆ. ಎಲ್ಲರೂ ಹೊರಬಂದಿದ್ದರೆ ಚುಚ್ಚುವ ನಳಿಕೆಯೇ ಉತ್ತಮ. ಉದ್ದ ತೋಳಿನ ತುದಿಯ ಆ ಸೂಜಿಯನ್ನು ಸೀಟಿನ ಬೆನ್ನಿಗಿಂತ ಮೇಲೆ, ಲಗೇಜ್ ಪೆಟ್ಟಿಗೆಗಿಂತ ಕೆಳಗೆ, ತಗಡಿಗೆ ನೇರ ಲಂಬವಾಗಿ ನುಗ್ಗಿಸಿ ನೀರಿನ ಮಂಜು ಬಿಡುತ್ತಾರೆ. ಓರೆಯಾಗಿ ಒತ್ತಿದರೆ ಸೂಜಿ ಬಾಗುತ್ತದೆ, ಜಾರುತ್ತದೆ. ವಾಹನ ಒಂದಿಂಚು ಕದಲಿದರೂ ಹಾಗೆಯೇ. ಇದು ತೋಳಿನ ಜಾಯ್‌ಸ್ಟಿಕ್ ಅಭ್ಯಾಸ, ಬೇರೆ ದಾರಿಯಿಲ್ಲ. ತಿಂಗಳಿಗೊಮ್ಮೆ ಮುಟ್ಟುವವರಿಗೆ ಅದು ಬರುವುದಿಲ್ಲ.

ಹಿಂದೆ ಸರಿಯುವುದೂ ಒಂದು ಕಲೆ. ದುಬೈಯಲ್ಲಿ 2016ರ ಆಗಸ್ಟ್ 3ರಂದು ಅಪಘಾತಕ್ಕೀಡಾದ 777ರಲ್ಲಿದ್ದ 300 ಮಂದಿಯೂ ಬದುಕಿದರು. ವಿಮಾನ ನಿಂತು ಸುಮಾರು ಒಂಬತ್ತು ನಿಮಿಷದ ನಂತರ ನಡುವಿನ ಇಂಧನ ಟ್ಯಾಂಕ್ ಸ್ಫೋಟಿಸಿ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಜನ ಇಳಿದಾದ ಮೇಲೆ ಲೆಕ್ಕ ಬದಲಾಗಬೇಕು. ಪೈಲಟ್ ಅಥವಾ ಕ್ಯಾಬಿನ್ ಸಿಬ್ಬಂದಿಯಿಂದ ತಲೆಯೆಣಿಕೆ ಕೇಳಿ. ಒಳಗೆ ಯಾರೂ ಇಲ್ಲವೆಂದಾದರೆ ರೆಕ್ಕೆಯ ಬುಡದಲ್ಲಿ ನಿಂತು ಸೆಣಸುವುದಕ್ಕೆ ಕಾರಣವಿಲ್ಲ, ದೂರದಿಂದ ಮಾನಿಟರ್ ಸಾಕು. ನೀರು ಮುಗಿಯುವ ಮುಂಚೆ ಅಂದರೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗಲೇ ಹೇಳುವ ರೂಢಿ ಇಟ್ಟುಕೊಳ್ಳಿ. ಖಾಲಿಯಾದ ಮೇಲೆ ಹೇಳಿದರೆ ಒಳಗಿದ್ದ ತಂಡಕ್ಕೆ ಹೊರಬರುವ ಹೊತ್ತಿಲ್ಲ.

ಇದೆಲ್ಲ ಎಂದೋ ಒಮ್ಮೆ. ದಿನನಿತ್ಯದ ಕೆಲಸಕ್ಕೆ ಬರೋಣ, ತುಕ್ಕು ಹಿಡಿಯುವುದೂ ಹಿಡಿಯದಿರುವುದೂ ಇಲ್ಲಿಯೇ.

ಪಾಳಿ ಶುರುವಾದ ಕೂಡಲೇ ವಾಹನ ಪರೀಕ್ಷೆ. ಠಾಣೆಯಲ್ಲಿ ನಿಂತ ವಾಹನಕ್ಕೆ ಬ್ಯಾಟರಿ ಚಾರ್ಜಿನ ತಂತಿ, ಬ್ರೇಕಿನ ಗಾಳಿಯ ನಳಿಕೆ ಸದಾ ಜೋಡಿಸಿರುತ್ತದೆ. ಎಂಜಿನ್ ಶುರುವಾದೊಡನೆ ಅದು ತಾನಾಗಿ ಕಳಚಿಕೊಳ್ಳಬೇಕು. ಗಾಳಿಯ ನಳಿಕೆಯಲ್ಲಿ ಸಣ್ಣ ಸೋರಿಕೆ ಇದ್ದು ರಾತ್ರಿಯಿಡೀ ಒತ್ತಡ ಇಳಿದಿದ್ದರೆ ಬೆಳಿಗ್ಗೆ ಕರೆ ಬಂದಾಗ ಬ್ರೇಕ್ ಬಿಡುವುದಿಲ್ಲ. 40 ಟನ್ನಿನ ಯಂತ್ರ ಗರ್ಜಿಸುತ್ತ ನಿಂತಲ್ಲೇ ನಿಂತಿರುತ್ತದೆ, ಗೇಜಿನ ಮುಳ್ಳು ಏರುವುದನ್ನು ನೋಡುತ್ತ ಕೂರಬೇಕು. ಮೂರು ನಿಮಿಷದಲ್ಲಿ ಒಂದು ಅಲ್ಲೇ ಹೋಯಿತು. ಹಾಗಾಗಿ ಅನುಭವಿಗಳು ಮೊದಲು ನೋಡುವುದು ಗಾಳಿಯ ಗೇಜನ್ನು, ಆಮೇಲೆ ಮಿಕ್ಕಿದ್ದು: ಟೈರು, ನೀರಿನ ಮಟ್ಟ, ಫೋಮಿನ ಮಟ್ಟ, ಮಾನಿಟರ್ ಎರಡೂ ಬದಿಗೆ ಪೂರ್ತಿ ತಿರುಗುತ್ತದೆಯೇ, ಚಲಿಸುತ್ತಲೇ ಪಂಪ್ ಹಿಡಿಯುತ್ತದೆಯೇ. ಉಸಿರಾಟದ ಸಿಲಿಂಡರ್ 300 ಬಾರ್ ತೋರಿಸಬೇಕು. ಸಾಮಾನ್ಯವಾಗಿ ಬಳಸುವ 6.8 ಲೀಟರಿನ ಸಿಲಿಂಡರಿನಲ್ಲಿ ಸುಮಾರು 2,000 ಲೀಟರ್ ಗಾಳಿ. ಏದುಸಿರಿನ ಕೆಲಸದಲ್ಲಿ ಅದು ಅರ್ಧ ಗಂಟೆಗೆ ಮುಗಿಯುತ್ತದೆ, 55 ಬಾರ್ ಆಸುಪಾಸಿನಲ್ಲಿ ಸೀಟಿ ಕೂಗುತ್ತದೆ. ಸೀಟಿ ಎಂದರೆ ಹೊರಡುವ ಹೊತ್ತಲ್ಲ, ಹೊರಗಿರಬೇಕಾದ ಹೊತ್ತು.

ಫೋಮಿನದು ಈಗ ಬದಲಾವಣೆಯ ಕಾಲ. ಹಳೆಯ ಫಿಲ್ಮ್ ಕಟ್ಟುವ ಫೋಮ್‌ಗಳಲ್ಲಿ ಫ್ಲೋರಿನ್ ರಾಸಾಯನಿಕಗಳಿದ್ದವು. ಇಂಧನದ ಮೇಲೆ ತೆಳ್ಳನೆ ಪೊರೆ ಹರಡುತ್ತಿದ್ದುದರಿಂದ ಕೈ ಸ್ವಲ್ಪ ಒರಟಾದರೂ ನಡೆಯುತ್ತಿತ್ತು. ಆ ರಾಸಾಯನಿಕಗಳು ನೆಲದಲ್ಲಿ, ನೀರಿನಲ್ಲಿ, ರಕ್ತದಲ್ಲಿ ನಶಿಸದೆ ಉಳಿಯುತ್ತವೆ. ಅವುಗಳಲ್ಲೊಂದಾದ ಪಿಎಫ್‌ಒಎಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಈಗ ಬರುತ್ತಿರುವುದು ಫ್ಲೋರಿನ್ ಇಲ್ಲದ ಫೋಮ್. ಇದು ಪೊರೆ ಕಟ್ಟುವುದಿಲ್ಲ, ಗುಳ್ಳೆಗಳ ಹಾಸೇ ಬೆಂಕಿಯನ್ನು ಉಸಿರುಗಟ್ಟಿಸಬೇಕು. ಹಾಗಾಗಿ ಮೃದುವಾಗಿ ಹಾಕಬೇಕು; ಹಾಸು ಹರಿದರೆ ಅಲ್ಲಿಂದಲೇ ಮತ್ತೆ ಹೊತ್ತಿಕೊಳ್ಳುತ್ತದೆ. ದ್ರವ ಮಂದ, ಚಳಿಯಲ್ಲಿ ಇನ್ನೂ ಮಂದ. ಹಳೆಯ ಫೋಮಿಗೆ ಹೊಂದಿಸಿದ ಮಿಶ್ರಣ ಯಂತ್ರ ಅದನ್ನು ಸಾಕಷ್ಟು ಎಳೆಯದೆ 3 ಶೇಕಡಾ ಇರಬೇಕಾದಲ್ಲಿ 2 ಕೊಡಬಹುದು. ಹೊರಗೆ ಬರುವುದು ನೋಡಲು ಬಿಳಿಯಾಗಿಯೇ ಇರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮಿಶ್ರಣದ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದರೇ ಗೊತ್ತಾಗುವುದು. ಎರಡು ಬಗೆಯ ಫೋಮನ್ನು ಒಂದೇ ಟ್ಯಾಂಕಿಗೆ ಹಾಕಬೇಡಿ, ಗಂಜಿಯಂತೆ ಗಟ್ಟಿಯಾಗಿ ಜಾಲರಿ ಕಟ್ಟಿಕೊಳ್ಳಬಹುದು. ಅಭ್ಯಾಸ ಮುಗಿದ ಮೇಲೆ ಶುದ್ಧ ನೀರು ಹಾಯಿಸದೆ ಬಿಟ್ಟರೆ ಒಣಗಿದ ಫೋಮ್ ವಾಲ್ವನ್ನು ಅಂಟಿಸುತ್ತದೆ. 12,000 ಲೀಟರ್ ನೀರಿಗೆ 3 ಶೇಕಡಾ ಎಂದರೆ ಸುಮಾರು 370 ಲೀಟರ್ ದ್ರವ. ವಾಹನದಲ್ಲಿ ಎರಡು ಟ್ಯಾಂಕ್ ನೀರಿಗಾಗುವಷ್ಟು, ಅಂದರೆ 740 ಲೀಟರ್ ಇರಬೇಕು.

ಹೆಚ್ಚು ಸಲ ಎದುರಾಗುವ ನಿಜವಾದ ವಿಮಾನದ ಕರೆ ಎಂದರೆ ಬ್ರೇಕ್ ಕಾದದ್ದು. ಭಾರದ ವಿಮಾನ ಟೇಕಾಫ್ ಕೈಬಿಟ್ಟು ನಿಂತಾಗ ಬ್ರೇಕಿನ ತಟ್ಟೆಗಳು ಕೆಂಪಾಗುತ್ತವೆ. ಆದರೆ ಚಕ್ರಕ್ಕೆ ಕಾವು ತಟ್ಟುವುದು ತಡವಾಗಿ, ನಿಂತ 15-20 ನಿಮಿಷದ ನಂತರ ಅದು ಪರಾಕಾಷ್ಠೆಗೆ ಬರುತ್ತದೆ. ‘ಏನೂ ಆಗಲಿಲ್ಲ’ ಎಂದು ಎಲ್ಲರೂ ಹತ್ತಿರ ಸೇರುವ ಹೊತ್ತೇ ಅದು. ಟೈರಿನಲ್ಲಿ 200 ಪಿಎಸ್‌ಐ ಆಸುಪಾಸಿನ ಸಾರಜನಕ ಇರುತ್ತದೆ. ಚಕ್ರದಲ್ಲಿರುವ ಕರಗುವ ಬಿರಡೆ ಕಾವಿಗೆ ಕರಗಿ ಗಾಳಿ ಬಿಡಬೇಕು. ಬಿಡದಿದ್ದರೆ ಚಕ್ರ ಸಿಡಿಯುತ್ತದೆ, ಚೂರುಗಳು ಹಾರುವುದು ಅಚ್ಚಿನ ದಿಕ್ಕಿಗೆ, ಅಂದರೆ ಪಕ್ಕಕ್ಕೆ. ಆದ್ದರಿಂದ ಹೋಗುವುದು ಮುಂದಿನಿಂದ ಅಥವಾ ಹಿಂದಿನಿಂದ, ಪಕ್ಕದಿಂದ ಎಂದೂ ಅಲ್ಲ. ಬರೀ ಹೊಗೆ ಇದ್ದರೆ ದೂರ ನಿಂತು ತಣಿಯಲು ಬಿಡಿ, ಥರ್ಮಲ್ ಕ್ಯಾಮೆರಾದಲ್ಲಿ ನೋಡುತ್ತಿರಿ. ಕಾದ ಲೋಹಕ್ಕೆ ಇಂಗಾಲದ ಡೈಆಕ್ಸೈಡ್ ಹೊಡೆದರೆ ಒಂದೇ ಕಡೆ ಥಟ್ಟನೆ ತಣ್ಣಗಾಗಿ ಬಿರಿಯುತ್ತದೆ. ಜ್ವಾಲೆ ಕಂಡರೆ ಕಾಯುವಂತಿಲ್ಲ, ಒಣಪುಡಿ ಅಥವಾ ನೀರಿನ ಮಂಜು ಬಿಟ್ಟು ಬಿಟ್ಟು ಹೊಡೆಯಿರಿ. ಎಂಜಿನ್ ಓಡುತ್ತಿದ್ದರೆ ಅದರ ಬಾಯಿಯಿಂದ 7.5 ಮೀಟರ್, ಹಿಂಬದಿಯಿಂದ 45 ಮೀಟರ್ ದೂರ ಎಂಬ ಅಳತೆಯನ್ನು ಕನಿಷ್ಠವೆಂದು ತಿಳಿಯಿರಿ. ದೊಡ್ಡ ಎಂಜಿನ್ನಿಗೆ ವೇಗ ಏರಿಸಿದಾಗ ಅದೂ ಸಾಲದು.

ಮಿಕ್ಕ ಕರೆಗಳು ಬೇಗ ಹೇಳಿ ಮುಗಿಸುವಂಥವು. ಟರ್ಮಿನಲ್ಲಿನ ಸುಳ್ಳು ಅಲಾರಂ, ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ಎದೆನೋವು, ಪವರ್‌ಬ್ಯಾಂಕಿನ ಹೊಗೆ, ಇಂಧನ ಚೆಲ್ಲಿದ್ದು. ಬಿಸಿಲಿನಲ್ಲಿ ತುಂಬಿದ ರೆಕ್ಕೆಯ ಟ್ಯಾಂಕಿನಿಂದ ಇಂಧನ ಹಿಗ್ಗಿ ತೊಟ್ಟಿಕ್ಕುವುದು ಮಾಮೂಲು. ಅದನ್ನು ಚರಂಡಿಗೆ ತೊಳೆಯಬೇಡಿ, ಆವಿ ಮುಚ್ಚಳದ ಕೆಳಗೆ ಸೇರಿ ಬೇರೆಲ್ಲೋ ಹೊತ್ತಿಕೊಂಡೀತು; ಹೀರುವ ವಸ್ತು ಹಾಕಿ ಎತ್ತಿ. ಇವುಗಳಲ್ಲಿ ಗಮನಿಸಬೇಕಾದದ್ದು ಒಂದೇ: ಇಂಥ ಕರೆಗೆ ಕ್ರ್ಯಾಶ್ ಟೆಂಡರಿನ ಸಿಬ್ಬಂದಿ ಹೋದರೆ ನಿಲ್ದಾಣದ ಕೆಟಗರಿ ಆ ಕ್ಷಣ ಇಳಿಯುತ್ತದೆ. ಅದನ್ನು ಟವರಿಗೆ ಹೇಳಲೇಬೇಕು, ದೊಡ್ಡ ವಿಮಾನಗಳು ತಡವಾಗಬಹುದು. ‘ಐದು ನಿಮಿಷದ ಕೆಲಸ ತಾನೆ’ ಎಂದು ಸುಮ್ಮನಿರುವುದು ಈ ಉದ್ಯೋಗದಲ್ಲಿ ಕ್ಷಮೆಯಿಲ್ಲದ ತಪ್ಪುಗಳಲ್ಲೊಂದು.

ಬೆಂಕಿ ಆರಿದ ಮೇಲೆ ಮಾಸ್ಕ್ ತೆಗೆಯುವ ನಗರದ ಅಭ್ಯಾಸವನ್ನು ಬಿಡಿ. 787 ಮತ್ತು ಎ350 ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ಅಂದರೆ ಅಂಟಿನಲ್ಲಿ ಕೂಡಿಸಿದ ಇಂಗಾಲದ ನಾರು. ಅಂಟು ಉರಿದುಹೋದ ಮೇಲೆ ಇಂಗಾಲದ ನಾರು ಸೂಜಿಯಂತೆ ಬಿಡಿಬಿಡಿಯಾಗಿ ಗಾಳಿಗೆ ಹಾರುತ್ತದೆ, ಚರ್ಮಕ್ಕೂ ಶ್ವಾಸಕ್ಕೂ ಇಳಿಯುತ್ತದೆ. ನೀರು ಚಿಮುಕಿಸಿ ಒದ್ದೆಯಾಗಿಡಿ, ಮೇಲಿನ ಬಟ್ಟೆ ಸ್ಥಳದಲ್ಲೇ ಕಳಚಿ ಚೀಲಕ್ಕೆ ಹಾಕಿ. ಅಗ್ನಿಶಾಮಕ ವೃತ್ತಿಯನ್ನೇ ಆ ಕ್ಯಾನ್ಸರ್ ಸಂಸ್ಥೆ 2022ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ.

ನಿಮ್ಮ ಒಂಬತ್ತು ವರ್ಷ ವ್ಯರ್ಥವಲ್ಲ. ಮಾಸ್ಕಿನೊಳಗೆ ಉಸಿರು ಹಿಡಿತದಲ್ಲಿಡುವುದು, ಹೊಗೆಯ ಬಣ್ಣ ಓದುವುದು, ಗಾಯಾಳುಗಳನ್ನು ಆದ್ಯತೆಯಂತೆ ವಿಂಗಡಿಸುವುದು, ರೇಡಿಯೋದಲ್ಲಿ ಒಂದೇ ವಾಕ್ಯದಲ್ಲಿ ಪರಿಸ್ಥಿತಿ ಹೇಳುವುದು, ಇವೆಲ್ಲ ಇಲ್ಲಿನ ಎಷ್ಟೋ ಮಂದಿಗಿಂತ ನಿಮಗೆ ಚೆನ್ನಾಗಿ ಬರುತ್ತದೆ. ಟರ್ಮಿನಲ್ ಕಟ್ಟಡದ ಬೆಂಕಿಯಲ್ಲಂತೂ ತಂಡ ನಿಮ್ಮನ್ನೇ ನೋಡುತ್ತದೆ. ಬಿಡಬೇಕಾದದ್ದು ಒಳನುಗ್ಗುವ ಆತುರ ಮತ್ತು ನೀರು ಬರುತ್ತಲೇ ಇರುತ್ತದೆ ಎಂಬ ಧೈರ್ಯ.

ಸೇರಿದರೆ ಮೊದಲ ತಿಂಗಳಲ್ಲಿ ಮೂರು ಕೆಲಸ ಮಾಡಿ. ನಿಲ್ದಾಣದ ಗ್ರಿಡ್ ನಕ್ಷೆ ಬಾಯಿಪಾಠ ಮಾಡಿ, ಹಗಲು ಓಡಿಸಿದ ಪ್ರತಿ ಟ್ಯಾಕ್ಸಿವೇಯನ್ನೂ ರಾತ್ರಿ, ಮಳೆಯಲ್ಲಿ, ಮಂಜಿನಲ್ಲಿ ಮತ್ತೆ ಓಡಿಸಿ. ನೀಲಿ ದೀಪಗಳ ಸಮುದ್ರದಲ್ಲಿ ಗೊತ್ತಿದ್ದ ತಿರುವೂ ತಪ್ಪುತ್ತದೆ. ಅಲ್ಲಿಗೆ ದಿನಾ ಬರುವ ನಾಲ್ಕೈದು ಬಗೆಯ ವಿಮಾನಗಳನ್ನು ಆರಿಸಿಕೊಂಡು, ಹ್ಯಾಂಗರಿನಲ್ಲಿ ನಿಂತಾಗ ನಿರ್ವಹಣೆಯವರ ಜೊತೆ ಹೋಗಿ ಬಾಗಿಲನ್ನು ಹೊರಗಿನಿಂದ ನಿಮ್ಮ ಕೈಯಾರೆ, ಕೈಗವಸು ಹಾಕಿಕೊಂಡೇ ತೆರೆಯಿರಿ. ಬಾಲದ ಪುಟ್ಟ ಎಂಜಿನ್ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮುಟ್ಟಿ ನೋಡಿ: ಎ320ರಲ್ಲಿ ಅದು ಮೂಗಿನ ಚಕ್ರದ ಬಳಿ, 737ರಲ್ಲಿ ಬಲಗಡೆಯ ಮುಖ್ಯ ಚಕ್ರದ ಗೂಡಿನಲ್ಲಿ.